ಕೆ.ಆರ್.ನಗರ ಇರುವುದು ಮೈಸೂರು ಜಿಲ್ಲೆಯಲ್ಲಿ, ಎಂಪಿ ಮಾತ್ರ ಮಂಡ್ಯದವರು: ಯಾಕೆ?

ಓದುಗರ ಪ್ರಶ್ನೆ: ನಮ್ಮದು ಕೆ.ಆರ್.ನಗರ ತಾಲ್ಲೂಕು. ಡಿಸಿ ಆಫೀಸು, ಜಿಲ್ಲಾ ಪಂಚಾಯಿತಿ ಎಲ್ಲ ಮೈಸೂರು. ಎಂಪಿ ಎಲೆಕ್ಷನ್ ಬಂದರೆ ಮಾತ್ರ ಮಂಡ್ಯಕ್ಕೆ ವೋಟು ಹಾಕುತ್ತೇವೆ. ಹಾಗಾದರೆ ನಮ್ಮ ಸಂಸದರು ಯಾರು, ಅರ್ಜಿ ಯಾರಿಗೆ ಕೊಡಬೇಕು?

ಉತ್ತರ: ಮಂಡ್ಯ ಸಂಸದರೇ ನಿಮ್ಮ ಸಂಸದರು. ರಾಜಕೀಯದ ಕೈವಾಡ ಎಂದು ಹಲವರು ಹೇಳುತ್ತಾರೆ, ಆದರೆ ಲೆಕ್ಕ ಹಾಕಿ ನೋಡಿದರೆ ಬರೀ ಭಾಗಾಕಾರವೇ ಸಾಕು.

ರಾಜ್ಯದಲ್ಲಿ 224 ವಿಧಾನಸಭಾ ಕ್ಷೇತ್ರ, 28 ಲೋಕಸಭಾ ಕ್ಷೇತ್ರ. ಒಂದಕ್ಕೆ ಸರಿಯಾಗಿ ಎಂಟು. ಒಂದು ವಿಧಾನಸಭಾ ಕ್ಷೇತ್ರವನ್ನು ಒಡೆದು ಇಬ್ಬರು ಸಂಸದರಿಗೆ ಹಂಚುವಂತಿಲ್ಲ. ಲೋಕಸಭಾ ಕ್ಷೇತ್ರ ಮಾತ್ರ ಜಿಲ್ಲೆಯ ಗಡಿ ದಾಟಬಹುದು.

ನ್ಯಾಯಮೂರ್ತಿ ಕುಲದೀಪ್ ಸಿಂಗ್ ನೇತೃತ್ವದ ಕ್ಷೇತ್ರ ಮರುವಿಂಗಡಣೆ ಆಯೋಗ 2001ರ ಜನಗಣತಿ ಇಟ್ಟುಕೊಂಡು ಗೆರೆ ಎಳೆಯಿತು. ಆಗ ರಾಜ್ಯದ ಜನಸಂಖ್ಯೆ ಸುಮಾರು 5.28 ಕೋಟಿ, 224ರಿಂದ ಭಾಗಿಸಿದರೆ ಒಬ್ಬ ಶಾಸಕನಿಗೆ ಸುಮಾರು 2.36 ಲಕ್ಷ ಜನ. ಮಂಡ್ಯ ಜಿಲ್ಲೆಯಲ್ಲಿದ್ದವರು 17.6 ಲಕ್ಷ, ಅಂದರೆ ಏಳೂವರೆಗೂ ಸ್ವಲ್ಪ ಕಮ್ಮಿ. ಸಿಕ್ಕಿದ್ದು ಏಳು. ಅದಕ್ಕೂ ಮುಂಚೆ ಒಂಬತ್ತಿದ್ದವು. ಕೆರಗೋಡು, ಕಿರುಗಾವಲು ಕ್ಷೇತ್ರಗಳು ಅಳಿಸಿಹೋಗಿ, ಪಾಂಡವಪುರ ಹೋಗಿ ಮೇಲುಕೋಟೆ ಬಂತು. ಮಂಡ್ಯ, ಮದ್ದೂರು, ಮಳವಳ್ಳಿ, ಮೇಲುಕೋಟೆ, ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್.ಪೇಟೆ: ಇಷ್ಟಾದರೂ ಎಂಪಿ ಕ್ಷೇತ್ರಕ್ಕೆ ಇನ್ನೊಂದು ಬೇಕು.

ಅತ್ತ ಮೈಸೂರು ಜಿಲ್ಲೆಗೆ ಹನ್ನೊಂದು. ಆರು ಕ್ಷೇತ್ರ ಮಡಿಕೇರಿ, ವಿರಾಜಪೇಟೆ ಜೊತೆ ಸೇರಿ ಮೈಸೂರು ಲೋಕಸಭೆಯಾಯಿತು. ವರುಣ, ಟಿ.ನರಸೀಪುರ, ನಂಜನಗೂಡು, ಎಚ್.ಡಿ.ಕೋಟೆ ಚಾಮರಾಜನಗರಕ್ಕೆ ಹೋದವು. ಉಳಿದಿದ್ದು ಮಂಡ್ಯದ ಮಗ್ಗುಲಲ್ಲೇ ಇರುವ ಕೆ.ಆರ್.ನಗರ. ಹೀಗೆ ಒಂದೇ ಜಿಲ್ಲೆಯವರು ಮೂವರು ಸಂಸದರನ್ನು ಆರಿಸುತ್ತಾರೆ. ಕೆ.ಆರ್.ನಗರದಿಂದ ಒಡೆದು ಸಾಲಿಗ್ರಾಮ ಬೇರೆ ತಾಲ್ಲೂಕಾದ ಮೇಲೂ ಇದೇನೂ ಬದಲಾಗಿಲ್ಲ. ಹೊಸ ತಾಲ್ಲೂಕು ಕಂದಾಯದ ಏರ್ಪಾಡು, ಕ್ಷೇತ್ರದ ಗೆರೆಯನ್ನು ಅದು ಮುಟ್ಟುವುದಿಲ್ಲ.

ಈ ಹೊಸ ಗೆರೆಯಂತೆ ಕೆ.ಆರ್.ನಗರದವರು ಮಂಡ್ಯಕ್ಕೆ ಮೊದಲು ಮತ ಹಾಕಿದ್ದು 2009ರಲ್ಲಿ. ಅಂದಿನಿಂದ 2024ರವರೆಗೆ ಆರು ಚುನಾವಣೆ, ಆರು ಮಂದಿ: ಚೆಲುವರಾಯಸ್ವಾಮಿ, ರಮ್ಯಾ, ಪುಟ್ಟರಾಜು, ಶಿವರಾಮೇಗೌಡ, ಸುಮಲತಾ, ಕುಮಾರಸ್ವಾಮಿ. 1952ರಿಂದ ಸತತ ನಾಲ್ಕು ಸಲ ಎಂ.ಕೆ.ಶಿವನಂಜಪ್ಪನವರನ್ನೇ ಕಳಿಸಿದ ಕ್ಷೇತ್ರ ಇದು! ಆರರಲ್ಲಿ ಎರಡು ಉಪಚುನಾವಣೆ. 2013ರ ಮೇನಲ್ಲಿ ಚೆಲುವರಾಯಸ್ವಾಮಿ, 2018ರ ಮೇನಲ್ಲಿ ಪುಟ್ಟರಾಜು ವಿಧಾನಸಭೆಗೆ ಗೆದ್ದು ಲೋಕಸಭೆ ಬಿಟ್ಟರು. ಖಾಲಿಯಾದ ಸ್ಥಾನಕ್ಕೆ ಒಂದು ವರ್ಷಕ್ಕಿಂತ ಕಮ್ಮಿ ಅವಧಿ ಉಳಿದಿದ್ದರೆ ಉಪಚುನಾವಣೆ ಬೇಕಿಲ್ಲ. ಎರಡು ಸಲವೂ ವರ್ಷದ ಮೇಲೆ ಕೆಲವೇ ದಿನ ಹೆಚ್ಚಿತ್ತು. ಅಷ್ಟಕ್ಕೇ ಕ್ಷೇತ್ರದ ಉದ್ದಗಲಕ್ಕೂ ಮತಗಟ್ಟೆ ಹಾಕಬೇಕಾಯಿತು, ಗೆದ್ದವರಿಗೆ ಸಿಕ್ಕಿದ್ದು ತಿಂಗಳುಗಳ ಲೆಕ್ಕದ ಅವಧಿ.

ಈಗ ಕೆಲಸದ ಮಾತು. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ, ಎಂಟೂ ವಿಧಾನಸಭಾ ಕ್ಷೇತ್ರಕ್ಕೆ ಸೇರಿ. ಸಂಸದರು ಶಿಫಾರಸು ಮಾಡುತ್ತಾರೆ ಅಷ್ಟೇ. ನಿಮ್ಮೂರಿನ ಕಾಮಗಾರಿಯನ್ನು ಮಂಜೂರು ಮಾಡಿ ನಡೆಸುವುದು ಮೈಸೂರು ಜಿಲ್ಲಾಡಳಿತ. ಅರ್ಜಿಗಳು ನಿಂತುಹೋಗುವುದೇ ಇಲ್ಲಿ: ಪತ್ರ ಮಂಡ್ಯದಿಂದ ಬರಬೇಕು, ಕಡತ ಓಡುವುದು ಮೈಸೂರಿನಲ್ಲಿ. ಮಂಡ್ಯ ಡಿಸಿ ಕಚೇರಿಗೆ ಅಲೆದು ಪ್ರಯೋಜನವಿಲ್ಲ. ಅರ್ಜಿಯಲ್ಲಿ ಗ್ರಾಮ ಪಂಚಾಯಿತಿ, ಜಾಗದ ಸರ್ವೆ ನಂಬರು, ಅದು ಸರ್ಕಾರಿ ಜಾಗ ಎಂಬುದಕ್ಕೆ ದಾಖಲೆ ಇರಲಿ. ದೇವಸ್ಥಾನದ ಜಾಗಕ್ಕೋ ಖಾಸಗಿ ಜಮೀನಿಗೋ ಈ ಹಣ ಬರುವುದಿಲ್ಲ. ಹಳೆಯ ಸಂಸದರು ಖರ್ಚು ಮಾಡದೆ ಬಿಟ್ಟ ಹಣ ಹೊಸಬರ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಶಿಫಾರಸು ಆಗದೇ ಉಳಿದ ಅರ್ಜಿಯನ್ನು ಹೊಸಬರಿಗೆ ಮತ್ತೆ ಕೊಡಿ.

ಕೇಂದ್ರ ಯೋಜನೆಗಳ ಪರಿಶೀಲನೆಗೆ ‘ದಿಶಾ’ ಸಭೆ ಇದೆಯಲ್ಲ, ಅದು ಜಿಲ್ಲೆಗೊಂದು. ಮೈಸೂರಿನ ಸಭೆಯಲ್ಲಿ ಮಂಡ್ಯ ಸಂಸದರಿಗೂ ಸಹಾಧ್ಯಕ್ಷರ ಸ್ಥಾನವಿದೆ. ಉದ್ಯೋಗ ಖಾತರಿ ಕೂಲಿ, ಮನೆ ಮಂಜೂರಾತಿಯ ದೂರು ಅಲ್ಲಿ ಏಳಬೇಕು, ಮಂಡ್ಯದ ಸಭೆಯಲ್ಲಲ್ಲ.

ಮತದಾರರ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿದ್ದರೆ ಕೆ.ಆರ್.ನಗರದಲ್ಲೇ ನಮೂನೆ 6 ಕೊಡಿ. ಮನೆ ಬದಲಿಸಿ ಮೈಸೂರು ನಗರಕ್ಕೆ ಬಂದಿದ್ದರೆ ನಮೂನೆ 8. ಆಗ ನಿಮ್ಮ ಎಂಪಿಯೂ ಬದಲಾಗುತ್ತಾರೆ.