ಒಳಗೆ ಹೋಗು, ಮಗ್ಗ ನೋಡಿಕೊ

ಗ್ರೀಕ್ ಕವಿ ಹೋಮರನ ಮಹಾಕಾವ್ಯ ಒಡಿಸ್ಸಿಯ ಮೊದಲ ಸರ್ಗ ಪಾಠ ಮಾಡುವಾಗ ಒಂದು ಜಾಗ ಬರುತ್ತದೆ, ಅಲ್ಲಿ ಕ್ಲಾಸಿನ ಹುಡುಗಿಯರು ಮುಖ ಮುಖ ನೋಡಿಕೊಳ್ಳುತ್ತಾರೆ. ಟ್ರಾಯ್‌ನಿಂದ ಯುದ್ಧ ಮುಗಿಸಿ ಗ್ರೀಕರು ವಾಪಸ್ ಬಂದ ಕಥೆಯನ್ನು ಹಾಡುಗಾರ ಹಾಡುತ್ತಿರುತ್ತಾನೆ. ಗಂಡ ಒಡಿಸ್ಯೂಸ್ ಇನ್ನೂ ಬಾರದ ಪೆನೆಲೊಪಿ ಅಳುತ್ತಾ ಮಹಡಿ ಇಳಿದು ಬಂದು, ಬೇರೆ ಏನಾದರೂ ಹಾಡಪ್ಪಾ ಅನ್ನುತ್ತಾಳೆ. ಅದಕ್ಕೆ ಮಗ ಟೆಲಿಮಾಕಸ್ ಅಷ್ಟು ಜನರ ಮುಂದೆ ಹೇಳುವುದು: ಒಳಗೆ ಹೋಗು, ನಿನ್ನ ಮಗ್ಗ, ನೂಲು ನೋಡಿಕೊ, ಮಾತು ಗಂಡಸರ ಕೆಲಸ.

ಇದು ಅವನ ಸ್ವಂತ ಮಾತೂ ಅಲ್ಲ. ಹೋಮರನ ಇನ್ನೊಂದು ಕಾವ್ಯ, ಟ್ರಾಯ್ ಯುದ್ಧದ ಕಥೆಯ ಇಲಿಯಡ್‌ನ 6ನೇ ಸರ್ಗದಲ್ಲಿ ಟ್ರಾಯ್ ಕಡೆಯ ವೀರ ಹೆಕ್ಟರ್, ಹೆಂಡತಿ ಆಂಡ್ರೊಮಕಿಗೆ ಹೇಳುವುದೂ ಹೆಚ್ಚುಕಮ್ಮಿ ಇದೇ ಸಾಲುಗಳು, 'ಮಾತು' ಇರುವ ಕಡೆ ಅಲ್ಲಿ 'ಯುದ್ಧ' ಇದೆ. ಒಡಿಸ್ಸಿಯ 21ನೇ ಸರ್ಗದಲ್ಲಿ ಟೆಲಿಮಾಕಸ್ ಮತ್ತೆ ತಾಯಿಗೇ ಹೇಳುತ್ತಾನೆ, ಈ ಸಲ 'ಬಿಲ್ಲು'. ಬಾಯಿಂದ ಬಾಯಿಗೆ ಬಂದ ಕಾವ್ಯದಲ್ಲಿ ಸಿದ್ಧ ಸಾಲುಗಳು ಮರುಕಳಿಸುವುದು ಮಾಮೂಲಿ. ಆದರೆ ಹೆಕ್ಟರ್ ಹೇಳುವಾಗ ಮರುಕ ಇದೆ, ಹೆಂಡತಿಯ ಮೈದಡವಿ ಹೇಳುತ್ತಾನೆ. ಮಗನ ಬಾಯಲ್ಲಿ ಅದು ಬರೀ ಗದರಿಕೆ.

ಸರಿ, ಮಗ್ಗದ ಮುಂದೆ ಕೂತವರು ಏನು ಮಾಡಿದರು? ಹೆಲೆನ್ ತನಗಾಗಿ ನಡೆಯುತ್ತಿರುವ ಟ್ರಾಯ್ ಯುದ್ಧವನ್ನೇ ಬಟ್ಟೆಯಲ್ಲಿ ನೇಯುತ್ತಾಳೆ, ಹೋಮರ್ ಹಾಡುತ್ತಿರುವುದೂ ಅದನ್ನೇ ಅಲ್ವಾ? ಪೆನೆಲೊಪಿ, ಮಾವ ಸತ್ತಾಗ ಹೊದಿಸಲು ಬೇಕು ಅಂತ ನೆಪ ಹೇಳಿ, ಹಗಲು ನೇಯ್ದು ರಾತ್ರಿ ಬಿಚ್ಚಿ 3 ವರ್ಷ ದೂಡುತ್ತಾಳೆ. ಅವಳನ್ನು ಮದುವೆಯಾಗಲು ಬಂದು ಮನೆಯಲ್ಲೇ ಠಿಕಾಣಿ ಹೂಡಿದ 108 ಗಂಡಸರಿಗೆ ಗೊತ್ತೇ ಆಗುವುದಿಲ್ಲ. ಆಂಡ್ರೊಮಕಿ ಹೆಕ್ಟರ್ ಸತ್ತದ್ದು ತಿಳಿಯದೆ ಹೂವಿನ ಚಿತ್ತಾರ ನೇಯುತ್ತಾ, ಅವನ ಸ್ನಾನಕ್ಕೆ ನೀರು ಕಾಯಿಸಿ ಅಂತ ದಾಸಿಯರಿಗೆ ಹೇಳಿರುತ್ತಾಳೆ. ಕೋಟೆ ಕಡೆಯಿಂದ ಅಳು ಕೇಳುತ್ತದೆ. ಕೈಯಲ್ಲಿದ್ದ ಲಾಳಿ ಜಾರಿ ಬೀಳುತ್ತದೆ.

ಹಾಗಂತ ಮಗ್ಗವೇ ಹೆಣ್ಣಿನ ಆಯುಧ ಅಂತ ಸುಮ್ನೆ ಕೊಂಡಾಡುವುದು ಕಂಡರೆ ನನಗೆ ಕಿರಿಕಿರಿ. ಪೆನೆಲೊಪಿಯ ಗುಟ್ಟು ಬಿಟ್ಟುಕೊಟ್ಟಿದ್ದು ಆ ಮನೆಯದೇ ದಾಸಿ. ಮನೆಯಲ್ಲಿ ದಾಸಿಯರು ಒಟ್ಟು 50 ಮಂದಿ, ಉಣ್ಣೆ ಹಿಂಜುವುದನ್ನೂ ದಾಸ್ಯ ತಾಳಿಕೊಳ್ಳುವುದನ್ನೂ ನಾವೇ ಕಲಿಸಿದೆವು ಅಂತ ಮುದುಕಿ ದಾದಿ ಯೂರಿಕ್ಲಿಯಾ, ಕೊನೆಗೂ ಮನೆಗೆ ಬಂದು ಆ ಗಂಡಸರನ್ನೆಲ್ಲ ಕೊಂದ ಒಡಿಸ್ಯೂಸ್‌ಗೆ ಲೆಕ್ಕ ಒಪ್ಪಿಸುತ್ತಾಳೆ, ಆ ಗಂಡಸರ ಜೊತೆ ಸೇರಿ ದಾರಿ ತಪ್ಪಿದವರು 12 ಅನ್ನುತ್ತಾಳೆ. ಆ 12 ಮಂದಿಯಿಂದಲೇ ಹೆಣ ಹೊರಿಸಿ, ರಕ್ತದ ಮೇಜು ಕುರ್ಚಿ ತೊಳೆಸುತ್ತಾರೆ. ಕತ್ತಿಯಿಂದ ಕೊಲ್ಲಿ ಅಂತ ಅಪ್ಪ ಹೇಳಿದ್ದರೂ, ಇವರಿಗೆ ಅಷ್ಟು ಮರ್ಯಾದೆಯ ಸಾವು ಬೇಡ ಅಂತ ಟೆಲಿಮಾಕಸ್ ಹಡಗಿನ ಹಗ್ಗ ಕಟ್ಟಿ ನೇಣು ಹಾಕುತ್ತಾನೆ. ಬಲೆಗೆ ಬಿದ್ದ ಹಕ್ಕಿಗಳ ಹಾಗೆ, ಸಾಲಾಗಿ. ಕಾಲು ಸ್ವಲ್ಪ ಹೊತ್ತು ಒದ್ದಾಡಿದವು, ಜಾಸ್ತಿ ಹೊತ್ತಲ್ಲ, ಅನ್ನುತ್ತಾನೆ ಹೋಮರ್.

ಪೆನೆಲೊಪಿ ಆಗ ಮಹಡಿಯ ಮೇಲೆ ನಿದ್ದೆಯಲ್ಲಿದ್ದಳು. ಬಿಲ್ಲಿನ ಮಾತಾಡಿ ಮಗನೇ ಅವಳನ್ನು ಮೇಲೆ ಕಳಿಸಿದ್ದ.