ಆಟದ ಜರ್ಮನ್ ಬೇರೆ, ಪಾಠದ ಜರ್ಮನ್ ಬೇರೆ

"ಮಕ್ಕಳಲ್ವಾ ಮೇಡಂ, ಆರು ತಿಂಗಳಲ್ಲಿ ಕಲಿತುಬಿಡ್ತಾರೆ."

ಕೆಲಸದ ಮೇಲೆ ಹೊರದೇಶಕ್ಕೆ ಹೊರಟವರು ಮಗುವಿನ ಶಾಲೆಯ ಸಲಹೆಗೆ ಬರುವ ಜಯನಗರದ ನನ್ನ ಆಫೀಸಿನಲ್ಲಿ, ಅಲ್ಲಿನ ಭಾಷೆಯ ಬಗ್ಗೆ ಈ ಮಾತು ಕಿವಿಗೆ ಬೀಳದ ವಾರವೇ ಇಲ್ಲ. ಕಂಪನಿಯಿಂದ ಆರ್ಡರ್ ಬಂದಿರುತ್ತದೆ. ಸ್ಟುಟ್‌ಗಾರ್ಟ್, ಮ್ಯೂನಿಕ್, ಐಂಡ್‌ಹೋವನ್, ಜೂರಿಕ್, ಹೀಗೆ ಯಾವುದೋ ಊರು. ವೀಸಾ ಓಡಾಟ ಮುಗಿದಿರುತ್ತದೆ. ಇಲ್ಲಿನ ಮನೆ ಯಾರಿಗೆ ಬಾಡಿಗೆಗೆ ಕೊಡುವುದು ಎಂಬುದೂ ತೀರ್ಮಾನ ಆಗಿರುತ್ತದೆ. ಕೊನೆಯಲ್ಲಿ ಉಳಿಯುವುದು ಮಗುವಿನ ಶಾಲೆ. ಅಪ್ಪ, ಅಮ್ಮ ಒಂದು ಬ್ರೋಷರ್ ತೆಗೆದು ಮೇಜಿನ ಮೇಲಿಡುತ್ತಾರೆ. ಅದರಲ್ಲಿ ದೊಡ್ಡದಾಗಿ 'ಬೈಲಿಂಗ್ವಲ್ ಇಂಟರ್‌ನ್ಯಾಷನಲ್ ಸ್ಕೂಲ್' ಎಂದಿರುತ್ತದೆ. ಇಂಗ್ಲಿಷೂ ಇದೆ, ಜರ್ಮನ್ನೂ ಇದೆ, ಇನ್ನೇನು ಬೇಕು ಎನ್ನುವ ನೆಮ್ಮದಿ ಇಬ್ಬರ ಮುಖದಲ್ಲೂ ಕಾಣುತ್ತದೆ.

ಫೀಸು, ಬಸ್ಸು, ಊಟ, ಇದನ್ನೆಲ್ಲ ಅವರು ನನಗಿಂತ ಚೆನ್ನಾಗಿ ವಿಚಾರಿಸಿರುತ್ತಾರೆ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಆ ಆರು ತಿಂಗಳ ಲೆಕ್ಕದ ಬಗ್ಗೆ ಮಾತ್ರ ಬರೆಯುತ್ತೇನೆ. ಏಕೆಂದರೆ ಹದಿನೆಂಟು ವರ್ಷಗಳಿಂದ ಎಷ್ಟು ಬಾರಿ ಹೇಳಿದರೂ ಜನರಿಗೆ ತಲುಪದೆ ಹೋಗುವುದು ಇದೊಂದೇ.

ರಾಜಾಜಿನಗರದ ಒಂದು ಕುಟುಂಬ. ಅಪ್ಪ ಇಂಜಿನಿಯರ್. ಮಗನಿಗೆ ಎಂಟು ವರ್ಷ, ಲೆಕ್ಕದಲ್ಲಿ ಬಹಳ ಚುರುಕು. ತರಕಾರಿ ಅಂಗಡಿಯಲ್ಲಿ ಅಮ್ಮ ಪರ್ಸ್ ತೆಗೆಯುವಷ್ಟರಲ್ಲಿ ಎಷ್ಟು ಚಿಲ್ಲರೆ ವಾಪಸ್ ಬರಬೇಕು ಎಂದು ಹೇಳಿಬಿಡುತ್ತಿದ್ದ. ಸ್ಟುಟ್‌ಗಾರ್ಟ್ ಹತ್ತಿರದ ಒಂದು ಖಾಸಗಿ ದ್ವಿಭಾಷಾ ಶಾಲೆಯಲ್ಲಿ ಅವನನ್ನು ಮೂರನೇ ತರಗತಿಗೆ ಸೇರಿಸಿದರು. ಆರು ತಿಂಗಳಿಗೆ ಅಪ್ಪ ನನಗೊಂದು ವೀಡಿಯೊ ಕಳಿಸಿದರು. ಹುಡುಗ ಮೈದಾನದಲ್ಲಿ ಚೆಂಡಿಗಾಗಿ ಇಬ್ಬರ ಜೊತೆ ಜಗಳಕ್ಕೆ ನಿಂತಿದ್ದಾನೆ, ಅದೂ ಪಟಪಟ ಜರ್ಮನ್‌ನಲ್ಲಿ! "ನೀವು ಸುಮ್ನೆ ಹೆದರಿಸಿದ್ರಿ ಮೇಡಂ" ಎಂದು ಕೆಳಗೆ ಬರೆದಿದ್ದರು. ನನಗೂ ನಿಜವಾಗಿ ಖುಷಿಯಾಯಿತು. ಹೊಸ ಊರಲ್ಲಿ ಮಗು ಜಗಳ ಆಡುವಷ್ಟು ಹೊಂದಿಕೊಂಡಿದೆ ಎಂದರೆ ಅದು ಒಳ್ಳೆಯ ಸುದ್ದಿಯೇ.

ಮತ್ತೆ ಐದು ತಿಂಗಳಿಗೆ ಅಮ್ಮನ ಫೋನ್ ಬಂತು. ಶಾಲೆಯಿಂದ ಪತ್ರ ಬಂದಿದೆ, ಹುಡುಗ ಗಣಿತದಲ್ಲಿ ಹಿಂದೆ, ಗಮನ ಕಡಿಮೆ ಎಂದು. ಗಣಿತದಲ್ಲಿ! ಆ ತಾಯಿ ಅಳುತ್ತಿದ್ದರು.

ನೋಟ್‌ಬುಕ್‌ನ ಫೋಟೊ ಕಳಿಸಿ ಎಂದೆ. ನೋಡಿದರೆ ಟೀಚರ್ ಬಾಯಲ್ಲಿ ಹೇಳಿ ಬರೆಸಿದ ಸಂಖ್ಯೆಗಳಲ್ಲಿ 24 ಇರಬೇಕಾದ ಕಡೆ 42 ಇದೆ. 53 ಇರಬೇಕಾದ ಕಡೆ 35. ಜರ್ಮನ್ ಗೊತ್ತಿರುವವರಿಗೆ ಇದು ತಕ್ಷಣ ಹೊಳೆಯುತ್ತದೆ. ನಾವು ಇಪ್ಪತ್ನಾಲ್ಕು ಎನ್ನುತ್ತೇವೆ, ಇಪ್ಪತ್ತು ಮೊದಲು, ನಾಲ್ಕು ಆಮೇಲೆ. ಅವರು 'ಫೀರ್-ಉಂಟ್-ಸ್ವಾನ್‌ಸಿಶ್' ಎನ್ನುತ್ತಾರೆ. ನಾಲ್ಕು ಮತ್ತು ಇಪ್ಪತ್ತು ಎಂದ ಹಾಗೆ. ಹಿಂದಿಯ ಚೌಬೀಸ್‌ನಲ್ಲೂ ನಾಲ್ಕೇ ಮೊದಲು ಬರುತ್ತದೆ. ಆದರೆ ಈ ಹುಡುಗನ ತಲೆಯಲ್ಲಿ ಲೆಕ್ಕ ಓಡುತ್ತಿದ್ದದ್ದು ಕನ್ನಡದಲ್ಲಿ. ಕಿವಿಗೆ ಬಿದ್ದ ಕ್ರಮದಲ್ಲೇ ಕೈ ಬರೆಯುತ್ತಿತ್ತು. ಇನ್ನೂ ಕೆಲವು ವ್ಯತ್ಯಾಸಗಳಿವೆ. ಭಾಗಾಕಾರಕ್ಕೆ ಅಲ್ಲಿ ಎರಡು ಚುಕ್ಕೆ ಹಾಕುತ್ತಾರೆ, ಗುಣಾಕಾರಕ್ಕೆ ಒಂದು ಚುಕ್ಕೆ. ಒಂದೂವರೆಯನ್ನು 1,5 ಎಂದು ಬರೆಯುತ್ತಾರೆ. ಸಾವಿರಕ್ಕೆ 1.000 ಎಂದು ಚುಕ್ಕೆ ಇಡುತ್ತಾರೆ.

ಇವೆಲ್ಲ ಒಂದು ತಿಂಗಳಲ್ಲಿ ಸರಿಹೋಗುವ ವಿಷಯಗಳು, ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಟ್ಟರೆ. ನಿಜವಾದ ಕಷ್ಟ ಇದ್ದದ್ದು ಮುಂದಿನ ಪುಟದ ವಾಕ್ಯದ ಲೆಕ್ಕಗಳಲ್ಲಿ. ಅವನು ಒಂದನ್ನೂ ಮುಟ್ಟಿರಲಿಲ್ಲ. ಅದರಲ್ಲಿ 'ಯೇವೈಲ್ಸ್' ಎಂಬ ಒಂದು ಪದ ಮತ್ತೆ ಮತ್ತೆ ಬರುತ್ತಿತ್ತು. 'ತಲಾ' ಎಂದರ್ಥ. ನಾಲ್ಕು ಮಕ್ಕಳಿಗೆ ತಲಾ ಆರು ಪೆನ್ಸಿಲ್ ಅಂತೀವಲ್ಲ, ಆ ತಲಾ. ಇನ್ನೊಂದು 'ಮಿಂಡೆಸ್ಟೆನ್ಸ್', ಕನಿಷ್ಠ ಎಂದರ್ಥ. ಈ ಎರಡು ಪದ ಗೊತ್ತಿಲ್ಲದಿದ್ದರೆ ಲೆಕ್ಕ ಗುಣಿಸುವುದೋ ಕೂಡುವುದೋ ಎಂಬುದೇ ತಿಳಿಯುವುದಿಲ್ಲ. ಈಗ ಯೋಚನೆ ಮಾಡಿ. ಚೆಂಡಿಗಾಗಿ ಜಗಳ ಆಡುವಾಗ ಯಾವ ಮಗು 'ತಲಾ' ಎನ್ನುತ್ತದೆ? ಯಾವ ಮಗು 'ಕನಿಷ್ಠ' ಎನ್ನುತ್ತದೆ? ಆ ಹುಡುಗ ಮೈದಾನದಲ್ಲಿ ಇನ್ನೂ ಎರಡು ವರ್ಷ ಆಡಿದರೂ ಆ ಪದಗಳು ಅವನ ಕಿವಿಗೆ ಬೀಳುತ್ತಿರಲಿಲ್ಲ.

ನಾನು ಹೇಳುವುದು ಇಷ್ಟೇ. ಆಟದ ಭಾಷೆ ಒಂದು, ಪಾಠದ ಭಾಷೆ ಇನ್ನೊಂದು. ಕೆನಡಾದಲ್ಲಿ ಕೆಲಸ ಮಾಡಿದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1979ರಲ್ಲೇ ಈ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟರು. ಹೊಸ ದೇಶಕ್ಕೆ ಬಂದ ಮಕ್ಕಳು ಮಾತಾಡುವ ಭಾಷೆಯನ್ನು ಸುಮಾರು ಎರಡು ವರ್ಷದಲ್ಲಿ ಹಿಡಿಯುತ್ತಾರೆ. ಓದಿ, ಬರೆದು, ಪರೀಕ್ಷೆಯಲ್ಲಿ ಅಲ್ಲಿನ ಮಕ್ಕಳ ಸಮಕ್ಕೆ ನಿಲ್ಲುವ ಭಾಷೆಗೆ ಐದರಿಂದ ಏಳು ವರ್ಷ ಬೇಕಾಗುತ್ತದೆ. ಇದು ಸರಾಸರಿ ಮಾತು. ನಿಮ್ಮ ಮಗು ಇನ್ನೂ ಬೇಗ ಕಲಿಯಬಹುದು, ಇನ್ನೂ ನಿಧಾನ ಆಗಬಹುದು. ಆದರೆ ನಿಮ್ಮ ಕಂಪನಿಯ ಪತ್ರದಲ್ಲಿ ಮೂರು ವರ್ಷ ಎಂದಿದ್ದರೆ, ಪಾಠದ ಭಾಷೆ ಗಟ್ಟಿಯಾಗುವ ಮೊದಲೇ ನೀವು ಮತ್ತೆ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದಿರುತ್ತೀರಿ. ದಯವಿಟ್ಟು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಿ.

ಕೆಲವರು ಓದಿಕೊಂಡು ಬಂದಿರುತ್ತಾರೆ. "ಕೆನಡಾದಲ್ಲಿ ಇಂಗ್ಲಿಷ್ ಮಕ್ಕಳಿಗೆ ಪೂರ್ತಿ ಫ್ರೆಂಚ್‌ನಲ್ಲೇ ಪಾಠ ಮಾಡಿದರಂತೆ, ಎಲ್ಲರೂ ಕಲಿತರಂತೆ" ಎನ್ನುತ್ತಾರೆ. ನಿಜ. ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್‌ನಲ್ಲಿ 1965ರಲ್ಲಿ ಶುರುವಾದ ಪ್ರಯೋಗ ಅದು, ಚೆನ್ನಾಗಿಯೇ ನಡೆಯಿತು. ಆದರೆ ಅಲ್ಲಿ ಇಡೀ ತರಗತಿಗೆ ಫ್ರೆಂಚ್ ಹೊಸದು. ಯಾರಿಗೂ ಬರುವುದಿಲ್ಲ ಎಂದು ಟೀಚರ್‌ಗೆ ಗೊತ್ತು. ಅವರು ನಿಧಾನವಾಗಿ, ಕೈಸನ್ನೆ ಮಾಡಿ, ಚಿತ್ರ ತೋರಿಸಿ ಕಲಿಸುತ್ತಾರೆ. ನಿಮ್ಮ ಮಗು ಹೋಗಿ ಕೂರುವ ತರಗತಿಯಲ್ಲಿ ಇಪ್ಪತ್ತು ಮಕ್ಕಳಿಗೆ ಜರ್ಮನ್ ಮನೆಮಾತು, ಬಾರದಿರುವುದು ನಿಮ್ಮ ಮಗುವಿಗೆ ಮಾತ್ರ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

'ಬೈಲಿಂಗ್ವಲ್' ಎಂಬ ಪದಕ್ಕೂ ಒಂದೇ ಅರ್ಥ ಇಲ್ಲ. ಬರ್ಲಿನ್‌ನಲ್ಲಿ 1992ರಿಂದ ಸರ್ಕಾರಿ ಯುರೋಪಾ ಶಾಲೆಗಳಿವೆ. ಅಲ್ಲಿ ಅರ್ಧ ಪಾಠ ಜರ್ಮನ್‌ನಲ್ಲಿ, ಇನ್ನರ್ಧ ಜೊತೆಭಾಷೆಯಲ್ಲಿ. ಒಂದು ಶಾಲೆಯಲ್ಲಿ ಅದು ಇಂಗ್ಲಿಷ್, ಇನ್ನೊಂದರಲ್ಲಿ ಟರ್ಕಿಶ್, ಮತ್ತೊಂದರಲ್ಲಿ ಗ್ರೀಕ್. ನೆದರ್‌ಲ್ಯಾಂಡ್ಸ್‌ನಲ್ಲಿ ಹೈಸ್ಕೂಲು ಮಟ್ಟದಲ್ಲಿ ದ್ವಿಭಾಷಾ ವಿಭಾಗಗಳಿವೆ. ಮೊದಲ ವರ್ಷಗಳಲ್ಲಿ ಅರ್ಧದಷ್ಟಾದರೂ ಪಾಠ ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ಕೇಳಿದ ತಕ್ಷಣ ನಮ್ಮವರು ಹಿಗ್ಗುತ್ತಾರೆ. ಆದರೆ ಆ ವ್ಯವಸ್ಥೆ ಡಚ್ ಮಕ್ಕಳು ಇಂಗ್ಲಿಷ್ ಕಲಿಯಲಿ ಎಂದು ಮಾಡಿದ್ದು. ಉಳಿದ ಅರ್ಧ ಡಚ್‌ನಲ್ಲೇ ಇರುತ್ತದೆ. ಇನ್ನು ಕೆಲವು ಖಾಸಗಿ ಶಾಲೆಗಳಲ್ಲಿ ಎಲ್ಲ ಪಾಠವೂ ಇಂಗ್ಲಿಷ್‌ನಲ್ಲಿ, ವಾರಕ್ಕೆ ನಾಲ್ಕು ಪಿರಿಯಡ್ ಜರ್ಮನ್. ಅದಕ್ಕೂ ಬೈಲಿಂಗ್ವಲ್ ಎಂದೇ ಬೋರ್ಡ್ ಹಾಕಿರುತ್ತಾರೆ. ಆ ರಾಜಾಜಿನಗರದ ಹುಡುಗನ ಶಾಲೆಯಲ್ಲಿ ಇಂಗ್ಲಿಷ್‌ನಲ್ಲಿ ನಡೆಯುತ್ತಿದ್ದದ್ದು ಚಿತ್ರಕಲೆ, ಸಂಗೀತ ಮತ್ತು ಆಟ. ಗಣಿತ, ವಿಜ್ಞಾನ ಎರಡೂ ಜರ್ಮನ್. ಇದನ್ನು ಸೇರುವ ಮೊದಲು ಯಾರೂ ಕೇಳಿರಲಿಲ್ಲ. ಶಾಲೆಯವರೂ ಹೇಳಿರಲಿಲ್ಲ. ಆ ವಿಷಯದಲ್ಲಿ ನನಗೆ ಇವತ್ತಿಗೂ ಬೇಸರವಿದೆ.

ಅದಕ್ಕೇ ನಾನು ಬ್ರೋಷರ್ ಪಕ್ಕಕ್ಕಿಟ್ಟು ಟೈಮ್‌ಟೇಬಲ್ ತರಿಸಿಕೊಳ್ಳಿ ಎನ್ನುತ್ತೇನೆ. ಸೋಮವಾರದಿಂದ ಶುಕ್ರವಾರದವರೆಗಿನ ಪೂರ್ತಿ ಟೈಮ್‌ಟೇಬಲ್, ಪ್ರತಿ ಪಿರಿಯಡ್ ಯಾವ ಭಾಷೆಯಲ್ಲಿ ಎಂದು ಬರೆದಿರುವುದು. ಗಣಿತದ ಪ್ರಶ್ನೆಪತ್ರಿಕೆ ಯಾವ ಭಾಷೆಯಲ್ಲಿ ಬರುತ್ತದೆ ಎಂದು ಕೇಳಿ. ಹೊಸದಾಗಿ ಬಂದ ಮಗುವಿಗೆ ಭಾಷೆಯ ಪಾಠ ಬೇರೆಯಾಗಿ ಕೊಡುತ್ತಾರಾ, ವಾರಕ್ಕೆ ಎಷ್ಟು ಗಂಟೆ, ಎಷ್ಟು ವರ್ಷ? 'ಮೊದಲ ಮೂರು ತಿಂಗಳು ಸಪೋರ್ಟ್ ಕೊಡ್ತೀವಿ' ಎಂಬ ಉತ್ತರ ಬಂದರೆ ಆ ಶಾಲೆಯವರಿಗೂ ಆಟದ ಭಾಷೆ, ಪಾಠದ ಭಾಷೆಯ ವ್ಯತ್ಯಾಸ ತಿಳಿದಿಲ್ಲ ಎಂದು ನಾನು ಅಂದುಕೊಳ್ಳುತ್ತೇನೆ.

ಎರಡು ಮೂರು ವರ್ಷಕ್ಕೆ ಹೋಗುವವರಿಗೆ ಮುಖ್ಯ ಪಾಠಗಳು ಇಂಗ್ಲಿಷ್‌ನಲ್ಲಿದ್ದು, ಅಲ್ಲಿನ ಭಾಷೆ ಒಂದು ವಿಷಯವಾಗಿ ಇರುವ ಶಾಲೆ ಸಾಮಾನ್ಯವಾಗಿ ಸುಲಭ. ಅಲ್ಲೇ ನೆಲೆಸುವ ಯೋಚನೆ ಇದ್ದು, ಮಗು ಆರೇಳು ವರ್ಷದ್ದಾಗಿದ್ದರೆ ಅಲ್ಲಿನ ಭಾಷೆಗೆ ಧೈರ್ಯವಾಗಿ ಇಳಿಯಬಹುದು. ಆದರೆ ಊರಿನ ನಿಯಮ ನೋಡಿಕೊಳ್ಳಿ. ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ ಪ್ರಾಥಮಿಕ ಶಾಲೆ ನಾಲ್ಕೇ ವರ್ಷ. ಮುಂದೆ ಯಾವ ಬಗೆಯ ಶಾಲೆ ಎಂಬ ಶಿಫಾರಸು ನಾಲ್ಕನೇ ತರಗತಿಯಲ್ಲೇ ಬರುತ್ತದೆ. ಬರ್ಲಿನ್‌ನಲ್ಲಾದರೆ ಆರು ವರ್ಷ. ಮೂರನೇ ತರಗತಿಗೆ ಹೋಗಿ ಸೇರುವ ಮಗುವಿಗೆ ಈ ಎರಡು ವರ್ಷದ ವ್ಯತ್ಯಾಸ ದೊಡ್ಡದು. ಒಂಬತ್ತನೇ ತರಗತಿ ಹತ್ತಿರ ಬಂದಿರುವವರ ವಿಷಯ ಇನ್ನೂ ನಾಜೂಕು. ಸಿಬಿಎಸ್‌ಇಯಲ್ಲಿ ಹತ್ತನೇ ತರಗತಿಯ ನೋಂದಣಿ ಒಂಬತ್ತರಲ್ಲೇ ಶುರುವಾಗುತ್ತದೆ, ನಡುವೆ ವಾಪಸ್ ಬಂದರೆ ಸೀಟಿಗೆ ಕಷ್ಟಪಡಬೇಕಾಗುತ್ತದೆ. ಅಂಥವರು ಶಾಲೆ ಹುಡುಕುವ ಮೊದಲೇ ಒಮ್ಮೆ ಯಾರ ಹತ್ತಿರವಾದರೂ ಕೂತು ಮಾತಾಡುವುದು ಒಳ್ಳೆಯದು.

ಇನ್ನೊಂದು ತಪ್ಪು ಒಳ್ಳೆಯ ಮನಸ್ಸಿನಿಂದಲೇ ನಡೆಯುತ್ತದೆ. ಮಗುವಿಗೆ ಜರ್ಮನ್ ಭಾರ ಆಯಿತು ಎಂದು ಮನೆಯಲ್ಲಿ ಕನ್ನಡ ನಿಲ್ಲಿಸಿಬಿಡುತ್ತಾರೆ. "ಒಂದಾದರೂ ಕಡಿಮೆ ಆಗಲಿ" ಎನ್ನುತ್ತಾರೆ. ಕೆಲವು ಕಡೆ ಶಾಲೆಯವರೇ ಹೀಗೆ ಹೇಳಿಕಳಿಸುತ್ತಾರೆ. ನಮ್ಮ ಬೆಂಗಳೂರಿನ ಮಕ್ಕಳು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತಮಿಳೋ ತೆಲುಗೋ, ಶಾಲೆಯಲ್ಲಿ ಇಂಗ್ಲಿಷ್ ಎಂದುಕೊಂಡೇ ಬೆಳೆದವರು. ಭಾಷೆ ಒಂದು ಜಾಸ್ತಿ ಆಯಿತು ಎಂದು ಅವರ ತಲೆ ಕೆಡುವುದಿಲ್ಲ. ಮಾತು ತಡವಾಗಿದೆ ಎಂಬ ಅನುಮಾನ ನಿಜವಾಗಿಯೂ ಇದ್ದರೆ ಹೊರಡುವ ಮೊದಲೇ ವಾಕ್ ತಜ್ಞರಿಗೆ ತೋರಿಸಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಸುಮ್ನೆ ಕನ್ನಡದ ಮೇಲೆ ತಪ್ಪು ಹೊರಿಸಬೇಡಿ.

ಕನ್ನಡ ಪಾಠಕ್ಕೂ ಬೇಕು. ಹನುಮಂತನಗರದ ಒಬ್ಬ ಅಜ್ಜಿ ಮ್ಯೂನಿಕ್‌ನಲ್ಲಿರುವ ಮೊಮ್ಮಗಳ ಜೊತೆ ಪ್ರತಿ ಶನಿವಾರ ವೀಡಿಯೊದಲ್ಲಿ ಮಾತಾಡುತ್ತಾರೆ. ಒಂದು ದಿನ ಇಡ್ಲಿ ಪಾತ್ರೆ ಒಲೆಯ ಮೇಲಿತ್ತು. ಅಜ್ಜಿ ಮುಚ್ಚಳ ತೆಗೆದು ಅದರ ಒಳಮೈಯನ್ನು ಫೋನಿಗೆ ಹಿಡಿದರು. ಹನಿಹನಿ ನೀರು. "ಈ ನೀರು ಎಲ್ಲಿಂದ ಬಂತು ಹೇಳು ಪುಟ್ಟಿ? ನಾನಂತೂ ಹಾಕಿಲ್ಲ." ಆವಿ ಮೇಲೆ ಹೋಯಿತು, ಮುಚ್ಚಳ ತಣ್ಣಗಿತ್ತು, ಮತ್ತೆ ನೀರಾಯಿತು ಎಂದು ಹುಡುಗಿಯೇ ಹೇಳಿದಳು. ಕೆಲವು ವಾರದ ಮೇಲೆ ಶಾಲೆಯಲ್ಲಿ ಮಳೆಯ ಪಾಠ ಬಂತು. ಅವಳು ಕಲಿಯಬೇಕಾಗಿದ್ದದ್ದು 'ಫೆರ್‌ಡುನ್‌ಸ್ಟೆನ್', ಅಂದರೆ ನೀರು ಆವಿಯಾಗುವುದು, ಎಂಬ ಒಂದು ಪದ ಮಾತ್ರ. ವಿಷಯ ಆಗಲೇ ತಲೆಯಲ್ಲಿತ್ತು. ವಿಷಯವೂ ಹೊಸದು, ಪದವೂ ಹೊಸದು ಎಂದಾಗ ಮಗು ಸೋಲುತ್ತದೆ. ಮನೆಯಲ್ಲಿ ಅಪ್ಪ, ಅಮ್ಮ ತಮಗೇ ಅರ್ಧಂಬರ್ಧ ಬರುವ ಜರ್ಮನ್‌ನಲ್ಲಿ ಆವಿಯ ಬಗ್ಗೆ ಏನು ಹೇಳಿಕೊಡಲು ಸಾಧ್ಯ? ಕನ್ನಡದಲ್ಲಾದರೆ ಎಷ್ಟು ಬೇಕಾದರೂ ಹೇಳಬಹುದು.

ವಾಪಸ್ ಬರುವವರು ಇನ್ನೊಂದನ್ನೂ ನೆನಪಿಡಬೇಕು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದ ಮೇಲೆ ಇಲ್ಲಿನ ಕೇಂದ್ರ ಪಠ್ಯಕ್ರಮದ ಶಾಲೆಗಳಲ್ಲೂ ಮಕ್ಕಳು ಕನ್ನಡ ಓದುತ್ತಾರೆ. ಮೂರು ವರ್ಷ ಕನ್ನಡ ಅಕ್ಷರವನ್ನೇ ನೋಡದ ಮಗು ಐದನೇ ತರಗತಿಗೆ ಬಂದು ಕೂತಾಗ ಒತ್ತಕ್ಷರ ಕಂಡು ಹೆದರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿನ ಶಾಲೆ ಇದನ್ನು ನೋಡಿಕೊಳ್ಳುವುದಿಲ್ಲ. ಭಾರತೀಯ ಭಾಷೆಗಳಿಗೆ ಶಾಲೆಯಲ್ಲೇ ಜಾಗ ಕೊಟ್ಟಿರುವ ಸಿಂಗಪುರದ ಪಟ್ಟಿಯಲ್ಲೂ ತಮಿಳು, ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ, ಕನ್ನಡ ಇಲ್ಲ. ಹೊರಡುವಾಗ ಸೂಟ್‌ಕೇಸ್‌ನಲ್ಲಿ ಎರಡು ಕಾಪಿ ಪುಸ್ತಕ, ನಾಲ್ಕು ಕತೆ ಪುಸ್ತಕಕ್ಕೆ ಜಾಗ ಮಾಡಿ.

ರಾಜಾಜಿನಗರದ ಆ ತಾಯಿಗೆ ನಾನು ಹೇಳಿದ್ದು ಒಂದೇ ಕೆಲಸ. ಮುಂದಿನ ವಾರ ಗಣಿತ, ವಿಜ್ಞಾನದಲ್ಲಿ ಯಾವ ಪುಟ ನಡೆಯುತ್ತದೆ ಎಂದು ಟೀಚರ್ ಹತ್ತಿರ ಶುಕ್ರವಾರವೇ ಕೇಳಿಕೊಳ್ಳಿ, ಭಾನುವಾರ ಅದನ್ನು ಮಗನಿಗೆ ಕನ್ನಡದಲ್ಲಿ ಹೇಳಿಕೊಡಿ, ಆಮೇಲೆ ಹತ್ತು ಜರ್ಮನ್ ಪದ ಗೋಡೆಗೆ ಅಂಟಿಸಿ. ಟೀಚರ್ ಒಳ್ಳೆಯವರು, ಪುಟದ ಸಂಖ್ಯೆ ಬರೆದು ಕಳಿಸುತ್ತಿದ್ದರು. ಮೊದಲ ಚೀಟಿಯಲ್ಲಿ ಆ ತಾಯಿ ದೊಡ್ಡ ಅಕ್ಷರದಲ್ಲಿ ಬರೆದದ್ದು 'ಯೇವೈಲ್ಸ್ = ತಲಾ'. ಈಗ ಹುಡುಗ ಆರನೇ ತರಗತಿ. ಕಳೆದ ತಿಂಗಳು ಫೋನ್ ಮಾಡಿದಾಗ ಭಿನ್ನರಾಶಿ ನಡೆಯುತ್ತಿದೆ ಎಂದರು. ಛೇದಕ್ಕೆ ಜರ್ಮನ್‌ನಲ್ಲಿ ಏನಂತಾರೆ ಎಂದು ನಾನು ಕೇಳಿದ್ದಕ್ಕೆ, ಹಿಂದಿನಿಂದ ಹುಡುಗನ ದನಿ ಬಂತು: "ನೆನ್ನರ್, ಆಂಟಿ. ಕೆಳಗಿರೋದು."