ಕೆಂಪಕ್ಕಿಯ ಕೆಂಪು ಕಬ್ಬಿಣದ್ದಲ್ಲ

ಪ್ರಶ್ನೆ: ಮಗಳಿಗೆ ರಕ್ತ ಕಡಿಮೆ ಇದೆ ಎಂದು ವೈದ್ಯರು ಹೇಳಿದ್ದಾರೆ. ನಮ್ಮ ಮಲೆನಾಡಿನ ಕೆಂಪಕ್ಕಿಯಲ್ಲಿ ಕಬ್ಬಿಣಾಂಶ ಹೇರಳವಂತೆ. ಸೊಸೈಟಿಯ ಬಿಳಿ ಅಕ್ಕಿ ಬಿಟ್ಟು ಕೆಂಪಕ್ಕಿ ಉಣ್ಣಿಸಿದರೆ ಸಾಕೇ?
- ಓದುಗರೊಬ್ಬರು, ತೀರ್ಥಹಳ್ಳಿ

ಸಾಲದು. ಕೊಯ್ಲು ಮುಗಿದು ಹೊಸ ಅಕ್ಕಿ ಮನೆ ಸೇರುವ ಹೊತ್ತಿಗೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಊರು ಬೇರೆ, ಹೆಸರು ಬೇರೆ, ಪ್ರಶ್ನೆ ಮಾತ್ರ ಅದೇ. ಈ ಸಲ ಬಿಡಿಸಿಯೇ ಹೇಳುತ್ತೇನೆ, ದಯವಿಟ್ಟು ತೆಗೆದಿಟ್ಟುಕೊಳ್ಳಿ.

ಕೆಂಪು ಕಂಡಲ್ಲೆಲ್ಲ ರಕ್ತವನ್ನು ಕಾಣುವುದು ನಮ್ಮ ಹಳೆಯ ಚಾಳಿ. ಬೀಟ್‌ರೂಟಿಗೆ, ದಾಳಿಂಬೆಗೆ ಪಟ್ಟ ಕಟ್ಟಿದ್ದೂ ಹೀಗೆಯೇ. ಅಕ್ಕಿಯ ಕೆಂಪು ಇರುವುದು ಉಮಿಯ ಕೆಳಗಿನ ತೆಳು ಪದರದಲ್ಲಿ, ಅಂದರೆ ಗಿರಣಿಯಲ್ಲಿ ತೌಡಾಗಿ ಹೋಗುವ ಭಾಗದಲ್ಲಿ. ಅದಕ್ಕೆ ಬಣ್ಣ ಕೊಡುವುದು ಪ್ರೊಆಂಥೋಸಯನಿಡಿನ್ ಎಂಬ ಟ್ಯಾನಿನ್. ಅದರಲ್ಲಿ ಕಬ್ಬಿಣದ ಪಾತ್ರವೇ ಇಲ್ಲ. ಅಡಿಕೆ ಬೇಯಿಸುವ ಮನೆಯವರಿಗೆ ಈ ಟ್ಯಾನಿನ್ ಹೊಸದಲ್ಲ. ಹಂಡೆಯಲ್ಲಿ ಉಳಿಯುವ ಚೊಗರಿನ ಕೆಂಪು, ನಾಲಿಗೆ ಹಿಡಿಯುವ ಅದರ ಒಗರು, ಎರಡೂ ಇದೇ ಕುಲದವು. ಚೊಗರು ಕುಡಿದರೆ ರಕ್ತ ಏರುತ್ತದೆ ಎಂದು ಇದುವರೆಗೆ ಯಾರೂ ನನಗೆ ಪತ್ರ ಬರೆದಿಲ್ಲ.

ಅಷ್ಟೇ ಅಲ್ಲ, ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಕರುಳು ಅದನ್ನು ಹೀರದಂತೆ ಮಾಡುತ್ತದೆ. ತೌಡಿನಲ್ಲಿರುವ ಫೈಟಿಕ್ ಆಮ್ಲದ ಕೆಲಸವೂ ಅದೇ. ಯಾವುದನ್ನು ನಂಬಿ ಕಬ್ಬಿಣ ಹುಡುಕುತ್ತಿದ್ದೇವೋ ಅದೇ ಕಬ್ಬಿಣಕ್ಕೆ ಅಡ್ಡ ನಿಂತಿದೆ!

ಲೆಕ್ಕವನ್ನೂ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ತೌಡು ತೆಗೆಯದ ಅಕ್ಕಿಯಲ್ಲಿ ಕಬ್ಬಿಣ ಸುಮಾರು 1 ಮಿಲಿಗ್ರಾಂ, ಪಾಲಿಷ್ ಮಾಡಿದ್ದರಲ್ಲಿ 0.65. ರಾಗಿಯಲ್ಲಿ 4.6. ವಯಸ್ಕ ಹೆಣ್ಣುಮಗಳಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕೆಂದು ಅದೇ ಸಂಸ್ಥೆಯ 2020ರ ಶಿಫಾರಸು. ಮಗಳು ದಿನವಿಡೀ 300 ಗ್ರಾಂ ತೌಡುಳ್ಳ ಅಕ್ಕಿ ಉಂಡರೂ ಆಗುವುದು 3 ಮಿಲಿಗ್ರಾಂ. ತಳಿ, ಮಣ್ಣು ನೋಡಿ ಅಂಕಿ ಏರಿಳಿಯುತ್ತದೆ ನಿಜ, ಆದರೆ ಹತ್ತು ಪಟ್ಟು ಜಿಗಿಯುವುದಿಲ್ಲ. ಆದ್ದರಿಂದ ವೈದ್ಯರು ಬರೆದ ಮಾತ್ರೆ ನಿಲ್ಲಿಸಬೇಡಿ. ಊಟದ ಬೆನ್ನಿಗೇ ಕಾಫಿಯಾಗಲಿ ಎಲೆಯಡಿಕೆಯ ಕವಳವಾಗಲಿ ಬೇಡ. ತಟ್ಟೆಯಲ್ಲಿ ಸೊಪ್ಪು, ಕಾಳು ಇರಲಿ, ಮೇಲೆ ನಿಂಬೆಹಣ್ಣು ಹಿಂಡಿ.

ಹಾಗಾದರೆ ಕೆಂಪಕ್ಕಿ ದಂಡವೇ ಎಂದು ಮುಂದಿನ ಪತ್ರ ಬರುವುದು ಖಂಡಿತ. ದಂಡವಲ್ಲ. 100 ಗ್ರಾಂ ತೌಡುಳ್ಳ ಅಕ್ಕಿಯಲ್ಲಿ ಬಿ1 ಜೀವಸತ್ವ 0.27 ಮಿಲಿಗ್ರಾಂ, ಪಾಲಿಷ್ ಆದದ್ದರಲ್ಲಿ 0.05. ನಾರು, ಪ್ರೋಟೀನು, ಎಣ್ಣೆಯಂಶ ಎಲ್ಲವೂ ಮೊದಲನೆಯದರಲ್ಲಿ ಹೆಚ್ಚು. ಆದರೆ ಈ ಶ್ರೇಯಸ್ಸು ತೌಡಿನದು. ಗದ್ದೆಯ ಇಂಟಾನ್ ತಳಿಯ ಬಿಳಿ ಅಕ್ಕಿಯನ್ನು ತೌಡು ಉಳಿಸಿ ಮಾಡಿಸಿದರೂ ಇದರಲ್ಲಿ ಬಹುಪಾಲು ಸಿಗುತ್ತದೆ. ಕೆಂಪು ಭತ್ತವನ್ನು ಕೊಟ್ಟು ಎರಡು ಸಲ ಪಾಲಿಷ್ ಮಾಡಿಸಿಕೊಂಡು ಬಂದರೆ ಹೆಸರು ಮಾತ್ರ ಉಳಿಯುತ್ತದೆ, ಸತ್ವ ಗಿರಣಿಯವನ ತೌಡಿನ ಚೀಲಕ್ಕೆ.

ಒಂದು ಹಿಡಿ ಅಕ್ಕಿಯನ್ನು ಅಂಗೈ ಮೇಲೆ ಹರಡಿ ಬೆಳಕಿಗೆ ಹಿಡಿಯಿರಿ. ಕಾಳಿನ ಉದ್ದದ ಗೀರುಗಳಲ್ಲಿ ಮಾತ್ರ ಕೆಂಪು ಉಳಿದು, ಉಬ್ಬಿದ ಮೈ ಬೆಳ್ಳಗಿದ್ದರೆ ತೌಡು ಹೋಗಿದೆ. ತುದಿಯ ಒಂದು ಬದಿಯಲ್ಲಿ ಮೊಳಕೆಯ ಪುಟ್ಟ ಮೂಗು ಇದ್ದರೆ ಒಳ್ಳೆಯದು, ಅಲ್ಲಿ ಗುಳಿ ಬಿದ್ದಿದ್ದರೆ ಪಾಲಿಷ್ ಜೋರಾಗಿಯೇ ಆಗಿದೆ. ಕುಚ್ಚಲಕ್ಕಿಯ ವಿಚಾರ ಬೇರೆ: ಭತ್ತವನ್ನೇ ಬೇಯಿಸುವುದರಿಂದ ಬಿ1 ಕಾಳಿನೊಳಕ್ಕೆ ಇಳಿಯುತ್ತದೆ, ಪಾಲಿಷ್ ಆದ ಮೇಲೂ 0.17 ಮಿಲಿಗ್ರಾಂನಷ್ಟು ಉಳಿಯುತ್ತದೆ. ಶುಗರ್ ಇರುವವರಿಗೆ ಒಂದೇ ಮಾತು: 100 ಗ್ರಾಂನಲ್ಲಿ ಶರ್ಕರಪಿಷ್ಟ ತೌಡುಳ್ಳದ್ದರಲ್ಲಿ 75 ಗ್ರಾಂ, ಬಿಳಿಯದರಲ್ಲಿ 78. ಎರಡನೇ ಸಲ ಬಡಿಸಿಕೊಳ್ಳುವಾಗ ನೆನಪಿರಲಿ.

‘ನಮ್ಮ ಮಲೆನಾಡಿನ ಕೆಂಪಕ್ಕಿ’ ಎಂದಿರಿ. ಅಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಜ್ಯೋತಿ. ಅದು ಕೇರಳದ ಪಟ್ಟಾಂಬಿ ಸಂಶೋಧನಾ ಕೇಂದ್ರದ 1974ರ ತಳಿ. ಜ್ಯೋತಿಗೆ ಅಕ್ಕಲು ತಳಿಯನ್ನು ಬೆರೆಸಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಹೊರತಂದ, ಬೆಂಕಿರೋಗ ತಡೆಯುವ ಸಹ್ಯಾದ್ರಿ ಮೇಘವನ್ನು ನಮ್ಮದೆಂದು ಕರೆದರೆ ನನ್ನ ತಕರಾರಿಲ್ಲ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಸೊಸೈಟಿ ಅಕ್ಕಿಯನ್ನು ಕೇರುವಾಗ ಒಂದೇ ಥರ ಅಚ್ಚಿನಲ್ಲಿ ಒತ್ತಿದಂತೆ ಕಾಣುವ ಕಾಳುಗಳು ಸಿಕ್ಕರೆ ‘ಪ್ಲಾಸ್ಟಿಕ್’ ಎಂದು ಆರಿಸಿ ಬಿಸಾಡುತ್ತೀರಲ್ಲ, ಅವು ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಕಾಳುಗಳು. ಬೆರೆಸುವಾಗ ಸಾಮಾನ್ಯವಾಗಿ ನೂರಕ್ಕೆ ಒಂದರ ಲೆಕ್ಕ. ಹಾಗೆ ಬೆರೆಸಿದ ಒಂದು ಕಿಲೋ ಅಕ್ಕಿಯಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕೆಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ತೊಳೆಯುವಾಗ ಕೆಲವು ತೇಲುತ್ತವೆ, ಚೆಲ್ಲಬೇಡಿ. ಅನ್ನ ಬಸಿದರೆ ಗಂಜಿಯನ್ನು ಹಸುವಿನ ಬಾನಿಗೆ ಸುರಿಯದೆ ಕುಡಿಯಿರಿ. ಮನೆಯಲ್ಲಿ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವವರಿದ್ದರೆ ಮಾತ್ರ ಈ ಅಕ್ಕಿಯ ಬಗ್ಗೆ ವೈದ್ಯರನ್ನು ಮೊದಲು ಕೇಳಿ.